ಲೆಫ್ಟಿಯ ಎದುರು ಕೂತವನು

ಹುಡುಗಿಯ ಅಪ್ಪ ಏನೇನು ಕೇಳಬಹುದು ಅಂತ ಮೊದಲೇ ಯೋಚಿಸಿಕೊಂಡು ಹೋಗಿದ್ದೆ. ಎಷ್ಟು ಓದಿದ್ದೀಯ ಅಂತ ಕೇಳಬಹುದು. ಹತ್ತನೇ ಗ್ರೇಡಿಗೇ ಯಾಕೆ ಬಿಟ್ಟೆ ಅಂತ ಕೇಳಬಹುದು. ಜಾತಿ ಕೇಳಬಹುದು. ಕ್ರ್ಯಾನ್‌ಬರಿಯ ವೇರ್‌ಹೌಸಿನಲ್ಲಿ ಪೆಟ್ಟಿಗೆ ಎತ್ತಿಹಾಕುವವನಿಗೆ ನನ್ನ ಮಗಳು ಯಾಕೆ ಬೇಕು ಅಂತ ಮುಖಕ್ಕೆ ಹೊಡೆದ ಹಾಗೆ ಕೇಳಬಹುದು. ಎಲ್ಲದಕ್ಕೂ ಉತ್ತರ ಇತ್ತು ನನ್ನ ಹತ್ತಿರ. ಹೆಚ್ಚಿನವು ಜಗಳದ ಉತ್ತರಗಳೇ. ನನಗೆ ಬರುವುದು ಅವೇ.

ಬದರೀನಾಥ ಅಂಕಲ್ ಅದ್ಯಾವುದನ್ನೂ ಕೇಳಲಿಲ್ಲ. ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಮಧ್ಯಾಹ್ನ ಆಗಿದ್ದರೂ ಬೆಳಗಿನ ಪೈಜಾಮಾದಲ್ಲೇ ಇದ್ದರು. ನನ್ನ ಹೆಸರು ಕೇಳಿ, ಪ್ರತೀಕ್ ಅಂದದ್ದಕ್ಕೆ ತಲೆಯಾಡಿಸಿ, ಟೀವಿಯ ಕಡೆ ನೋಡುತ್ತಲೇ ಕೇಳಿದರು:

"ಬೇಸ್‌ಬಾಲ್ ಸಿನಿಮಾಗಳಲ್ಲಿ ಬೆಸ್ಟ್ ಯಾವ್ದು ಹೇಳು?"

ಈ ಪ್ರಶ್ನೆ ಬರುತ್ತದೆ ಅಂತ ನೀತಾ ಹೇಳಿದ್ದಳು. ಹೇಳಿದ್ದಳು ಮಾತ್ರವಲ್ಲ, ಮಾನ್ಮತ್ ಜಂಕ್ಷನ್ನಿನ ಅವರ ಮನೆ ಮುಂದೆ ಕಾರಿನಲ್ಲೇ ಕೂರಿಸಿಕೊಂಡು ಪಾಠ ಮಾಡಿದ್ದಳು. "ಜಸ್ಟ್ ಅಗ್ರೀ ವಿತ್ ಹಿಮ್, ಓಕೆ? ಅವರು ಏನ್ ಹೇಳಿದ್ರೂ ಯೆಸ್ ಅಂಕಲ್. ಲೆಫ್ಟಿ ಬೆಸ್ಟ್ ಅಂತಾರೆ. ನೀನೂ ಲೆಫ್ಟಿ ಬೆಸ್ಟ್ ಅನ್ನು. ಆಮೇಲೆ ಅಮ್ಮ ಕಾಫಿ ಕೊಡ್ತಾಳೆ. ಆಮೇಲೆ ನಾನು ಮಾತಾಡ್ತೀನಿ. ಅಂಡ್ ಪ್ರತೀಕ್, ಪ್ಲೀಸ್. ಡೋಂಟ್ ಟಾಕ್ ಅಬೌಟ್ ಜಾಬ್ಸ್."

ನೀತಾ ಇಲ್ಲೇ ಹುಟ್ಟಿದವಳು. ಕ್ರ್ಯಾನ್‌ಬರಿಯಲ್ಲೇ ಒಂದು ಔಷಧ ಕಂಪನಿಯ ಆಫೀಸಿನಲ್ಲಿ ಕೆಲಸ. ಹೋದ ಚಳಿಗಾಲದಲ್ಲಿ ಅವಳ ಕಾರಿನ ಬ್ಯಾಟರಿ ಸತ್ತು, ಕಾಫಿ ಅಂಗಡಿಯ ಮುಂದೆ ಹಿಮದಲ್ಲಿ ನಿಂತು ಕಾರಿಗೆ ಒದೆಯುತ್ತಿದ್ದಳು. ನಾನು ಕೇಬಲ್ ಹಾಕಿ ಸ್ಟಾರ್ಟ್ ಮಾಡಿಕೊಟ್ಟೆ. ಒದ್ದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ ಅಂದೆ. ಒದೆಯೋದು ಬ್ಯಾಟರಿಗಲ್ಲ, ನನಗೋಸ್ಕರ ಅಂದಳು. ಅಲ್ಲಿಂದ ಶುರುವಾದದ್ದು. ಮದುವೆ ಆಗುವುದಾದರೆ ಅಪ್ಪ ಒಪ್ಪಿಯೇ ಆಗಬೇಕು ಅನ್ನುವುದು ಅವಳ ಹಟ. ಅಮೆರಿಕದಲ್ಲಿ ಹುಟ್ಟಿದವಳಿಗೆ ಇದೆಲ್ಲ ಯಾಕೆ ಅಂತ ನನಗೆ ಅರ್ಥವಾಗಿರಲಿಲ್ಲ. "ಹೋದ ವರ್ಷದಿಂದ ಎಲ್ಲರೂ ಅಪ್ಪನ್ನ ಕೇಳದೇನೇ ಎಲ್ಲಾ ಮಾಡಿಬಿಟ್ಟಿದ್ದಾರೆ. ನಾನು ಮಾಡಲ್ಲ" ಅಂದಿದ್ದಳು.

ಅವಳ ಅಪ್ಪನ ಕೆಲಸ ಹೋದದ್ದು ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ. ಮ್ಯಾನ್‌ಹ್ಯಾಟನ್ನಿನ ಒಂದು ದೊಡ್ಡ ಬ್ಯಾಂಕಿನ ಕಂಪ್ಯೂಟರ್ ವಿಭಾಗ. ಆಗ ಬ್ಯಾಂಕುಗಳು ಒಂದರ ಹಿಂದೆ ಒಂದು ಮುಳುಗುತ್ತಿದ್ದವಲ್ಲ, ಆ ಹೊತ್ತಿನಲ್ಲಿ. ಇಷ್ಟು ವರ್ಷ ಟ್ರೇನ್ ಹಿಡಿದು ನ್ಯೂಯಾರ್ಕಿಗೆ ಕಮ್ಯೂಟ್ ಮಾಡಿದ ಮನುಷ್ಯ ಈಗ ಸೋಫಾ ಬಿಟ್ಟು ಏಳುತ್ತಿರಲಿಲ್ಲ. ಬೇಸ್‌ಬಾಲ್ ಸಿನಿಮಾ ನೋಡುವುದು, ಮತ್ತೆ ಅದನ್ನೇ ನೋಡುವುದು. ಹೆಂಡತಿಯ ಹತ್ತಿರವೂ ಮಾತಿಲ್ಲ. ಮಾತು ಅಂತ ಬಂದರೆ ಆ ಒಂದು ಪ್ರಶ್ನೆ.

ಹಾಗಾಗಿ ನಾನು ತಯಾರಾಗಿಯೇ ಹೋಗಿದ್ದೆ. ವೇರ್‌ಹೌಸಿನಲ್ಲಿ ನಮ್ಮ ಸೂಪರ್‌ವೈಸರ್ ಟೋನಿಯ ಹತ್ತಿರ ಎರಡು ಡಿವಿಡಿ ಎರವಲು ತಂದಿದ್ದೆ. ಒಂದು 'ಲೆಫ್ಟಿ ಕೊವಾಲ್‌ಸ್ಕಿ'. ಲೆಫ್ಟಿ ಅಂದರೆ ಎಡಗೈ ಪಿಚರ್, ಚೆಂಡು ಎಸೆಯುವವ. ವಯಸ್ಸಾಗಿದೆ, ಭುಜ ಹೋಗಿದೆ. ಸೀಸನ್ನಿನ ನಡುವೆ ಮ್ಯಾನೇಜರ್ ಅವನನ್ನು ತೆಗೆದುಹಾಕುತ್ತಾನೆ. ಅವ ಮನೆಗೆ ಹೋಗಿ ಗ್ಯಾರೇಜಿನ ಗೋಡೆಗೆ ಚೆಂಡು ಎಸೆಯುತ್ತ ಕೂರುತ್ತಾನೆ. ಕೊನೆಯ ಆಟಕ್ಕೆ ಬೇರೆ ಯಾರೂ ಉಳಿಯದೆ ಅವನನ್ನೇ ಕರೆಯುತ್ತಾರೆ, ಗೆಲ್ಲುತ್ತಾನೆ, ಪಿಟೀಲು ಬಾರಿಸುತ್ತಾರೆ. ಇನ್ನೊಂದು 'ದಿ ಅಂಪೈರ್ಸ್ ಬ್ರದರ್'. ಅಣ್ಣ ಅಂಪೈರ್, ತಮ್ಮ ಆಟಗಾರ. ಊರಿನ ಮಾನ ಉಳಿಸಬೇಕಾದ ಓಟ ಓಡಿ ತಮ್ಮ ಜಾರಿಕೊಂಡು ಬಂದು ಬೀಳುತ್ತಾನೆ, ಅಣ್ಣ ಔಟ್ ಅನ್ನುತ್ತಾನೆ. ಅಷ್ಟೇ. ಆಮೇಲೆ ಸಿನಿಮಾ ಮುಗಿಯುವವರೆಗೂ ಊರಿನಲ್ಲಿ ಯಾರೂ ಅಣ್ಣನ ಹತ್ತಿರ ಮಾತಾಡುವುದಿಲ್ಲ. ಅವನ ಅಮ್ಮ ಕೂಡ ಊಟದ ತಟ್ಟೆಯನ್ನು ಹೊರಗಿನ ಮೆಟ್ಟಿಲ ಮೇಲೆ ಇಟ್ಟು ಒಳಗೆ ಹೋಗುತ್ತಾಳೆ.

"ಹುಷಾರು" ಅಂದಿದ್ದ ಟೋನಿ. "ಲೆಫ್ಟಿ ಇಷ್ಟ ಅನ್ನೋನು ಕಾರಿನಲ್ಲಿ ಒಬ್ಬನೇ ಕೂತು ಅಳೋನು. ಅಂಪೈರ್ ಇಷ್ಟ ಅನ್ನೋನು ಹೆಂಡತಿ ಬಿಟ್ಟುಹೋಗಿರೋನು. ಯಾವ್ದು ಹೇಳಿದ್ರೂ ಸಿಕ್ಕಾಕೋತೀಯ."

"ನಿನಗ್ಯಾವುದು ಇಷ್ಟ ಟೋನಿ?"

"ನನಗಾ?" ಅಂದ ಟೋನಿ. "ಎರಡೂ."

ಸರಿ. ಈಗ ಬದರೀನಾಥ ಅಂಕಲ್ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯದೆ ತಾವೇ ಶುರು ಮಾಡಿದರು. "ಯಾರ್ ಏನೇ ಹೇಳ್ಲಿ, ಲೆಫ್ಟಿ ಕೊವಾಲ್‌ಸ್ಕೀನ ಮೀರ್ಸೋದು ಇನ್ನೂ ಬಂದಿಲ್ಲ. ಯಾಕೆ ಹೇಳು. ಬೇರೆ ಸಿನಿಮಾಗಳಲ್ಲಿ ಆಟ ಇರತ್ತೆ. ಇದ್ರಲ್ಲಿ ಮನುಷ್ಯ ಇದ್ದಾನೆ. ಹದಿನೆಂಟು ವರ್ಷ ಒಂದೇ ಟೀಮಿಗೆ ಕೈ ಸವೆಸಿದೋನು..." ನಿಧಾನವಾಗಿ, ತಗ್ಗಿದ ದನಿಯಲ್ಲಿ, ಒಂದೊಂದೇ ಮಾತು ಹೆಣೆದುಕೊಂಡು ಹೋದರು. ಕಣ್ಣು ಟೀವಿಯ ಮೇಲಿಂದ ನನ್ನ ಮೇಲೆ ಬಂತು. ಮಾತು ಮುಗಿಸಿ ಕೈ ಕಟ್ಟಿ ಕೂತರು.

ಇಲ್ಲೇ ನೋಡಿ ಎಡವಟ್ಟಾದದ್ದು. ನಾನು ಯೆಸ್ ಅಂಕಲ್ ಅನ್ನಬೇಕಿತ್ತು. ಆದರೆ ಆ ಮಾತಿನ ಗತ್ತು ನನಗೆ ಚೆನ್ನಾಗಿ ಗೊತ್ತಿದ್ದದ್ದು. ಅದು ಪೀಠಿಕೆ.

ನನ್ನ ಅಪ್ಪ ನಿತ್ಯಾನಂದ ಇಸೆಲಿನ್‌ನಲ್ಲಿ ಹೋಟೆಲ್ ಅಡುಗೆಯವ. ದೇವಸ್ಥಾನದ ಅಡುಗೆಗೆ ಅಂತ ವೀಸಾ ಸಿಕ್ಕಿ ಬಂದವ, ಅಮ್ಮ ತೀರಿಕೊಂಡ ಮೇಲೆ ಹದಿಮೂರರ ನನ್ನನ್ನೂ ಕರೆಸಿಕೊಂಡ. ಅದಕ್ಕೂ ಮೊದಲು ಬ್ರಹ್ಮಾವರದ ಸುತ್ತಮುತ್ತ ಅವ ತಾಳಮದ್ದಳೆಯ ಅರ್ಥಧಾರಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ, ಅಂದರೆ ಆವತ್ತಿನ ಕತೆಯ, ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ತಮಗೆ ಕೊಟ್ಟ ಪಾತ್ರದ ಪರವಾಗಿ ವಾದ ಮಾಡುತ್ತಾರೆ, ಅದೇ ಅರ್ಥ ಹೇಳುವುದು. ಅಲ್ಲಿ ಹಿರಿಯರು ಪೀಠಿಕೆ ಹಾಕಿ ಕೈ ಕಟ್ಟಿ ಕೂತರೆ ಎದುರಿನವ ಎದುರಾಡಲೇಬೇಕು. ಅದು ಗೌರವ. ಒಮ್ಮೆ ಯಾರೋ ಹೊಸಬ ಹೆದರಿಕೊಂಡು ಹಿರಿಯರು ಅಂದದ್ದಕ್ಕೆಲ್ಲ ತಲೆಯಾಡಿಸಿದ್ದಕ್ಕೆ, ಆ ಹಿರಿಯರು ನಡುವೆಯೇ ಎದ್ದು ಶಾಲು ಕೊಡವಿ, "ನನ್ನೆದುರು ಮನುಷ್ಯನನ್ನು ಕೂರಿಸಿ ಅಂದ್ರೆ ಕಂಬ ಕೂರಿಸಿದ್ದೀರಲ್ಲ" ಅಂದು ಹೊರಟೇಹೋದರಂತೆ. ಅಪ್ಪ ಇದನ್ನು ಈರುಳ್ಳಿ ಹೆಚ್ಚುತ್ತ ಎಷ್ಟು ಸಲ ಹೇಳಿದ್ದಾನೋ. ಕಂಬ ಆಗಬೇಡ ಮಗ, ಕಂಬ ಆಗಬೇಡ. ಶಾಲೆಯಲ್ಲಿ ಕಂಬ ಆಗದೇ ಇದ್ದದ್ದಕ್ಕೇ ನನ್ನ ಶಾಲೆ ಮುಗಿದದ್ದು, ಅದು ಬೇರೆ ವಿಷಯ.

ನಾನು ಬಾಯಿ ತೆರೆದೆ. ಯೆಸ್ ಅಂಕಲ್ ಅನ್ನುವುದಕ್ಕೇ ತೆರೆದದ್ದು ಅಂತ ಈಗಲೂ ಅಂದುಕೊಳ್ಳುತ್ತೇನೆ.

"ನೀವು ಹೇಳಿದ್ದು ಲೆಫ್ಟಿ ಹೇಳಿಕೊಳ್ಳುವ ಕತೆ ಆಯ್ತು ಅಂಕಲ್. ಮ್ಯಾನೇಜರನ ಕತೆ ಯಾರು ಹೇಳೂದು?"

ಸೋಫಾದ ಇನ್ನೊಂದು ತುದಿಯಲ್ಲಿದ್ದ ನೀತಾ ನನ್ನ ಕಡೆ ತಿರುಗಿದಳು. ಅವಳ ಮುಖ ನೋಡಬಾರದು ಅಂತ ನಾನು ಅವಳಪ್ಪನ ಮುಖವನ್ನೇ ನೋಡಿದೆ.

"ಏನು?" ಅಂದರು ಅಂಕಲ್.

"ಅಂಪೈರ್ ಸಿನಿಮಾ ದೊಡ್ಡದು. ಯಾಕೆ ಅಂದ್ರೆ ಅದರಲ್ಲಿ ಔಟ್ ಅಂದ್ರೆ ಔಟ್. ಸ್ವಂತ ತಮ್ಮ ಆದ್ರೂ ಔಟ್. ನಿಮ್ಮ ಲೆಫ್ಟಿ ಸಿನಿಮಾದಲ್ಲಿ ಔಟ್ ಆದ ಬೌಲರನ್ನ ಮತ್ತೆ ಕರೀತಾರೆ, ಅವನೇ ಗೆಲ್ಲಿಸ್ತಾನೆ..."

"ಪಿಚರ್!" ಅಂದರು ಅಂಕಲ್. "ಬೌಲರ್ ಅಂತೆ ಬೌಲರ್. ಪಿಚರ್!"

"ಪಿಚರ್. ಹದಿನೆಂಟು ವರ್ಷ ದುಡಿದ, ಸಂಬಳ ತಕ್ಕೊಂಡ. ಭುಜ ಹೋದ ಮೇಲೂ ಇಟ್ಟುಕೊಳ್ಳಬೇಕು ಅಂತ ಯಾವ ಶಾಸ್ತ್ರದಲ್ಲಿ ಉಂಟು? ಟೀಮ್ ಅಂದ್ರೆ ಧರ್ಮಛತ್ರವಾ? ಆ ಮ್ಯಾನೇಜರ್ ಮಾಡಿದ್ದೇ ಸರಿ."

ಆಡಿದ ಮೇಲೆ ಕೇಳಿಸಿತು ನನಗೆ, ಯಾರ ಮನೆಯ ಸೋಫಾದ ಮೇಲೆ ಕೂತು ಯಾರ ಎದುರು ಇದನ್ನು ಆಡಿದೆ ಅಂತ. ಅಡುಗೆಮನೆಯ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ಬರುತ್ತಿದ್ದ ನೀತಾಳ ಅಮ್ಮ ಜಯಂತಿ ಆಂಟಿ ಅಲ್ಲೇ ನಿಂತರು. ನೀತಾ ಕಣ್ಣು ಮುಚ್ಚಿಕೊಂಡಳು. ಅಂಕಲ್ ಎದ್ದು, ಪೈಜಾಮಾ ಎಳೆದುಕೊಂಡು, ಮಹಡಿ ಹತ್ತಿ ಹೋದರು. ಮೇಲೆ ಎಲ್ಲೋ ಒಂದು ಬಾಗಿಲು ಮುಚ್ಚಿತು.

"ಆರ್ ಯು ಇನ್ಸೇನ್?" ಅಂದಳು ನೀತಾ. "ಒನ್ ಥಿಂಗ್! ಐ ಆಸ್ಕ್ಡ್ ಯು ಒನ್ ಥಿಂಗ್!"

"ಅವರು ಪೀಠಿಕೆ ಹಾಕಿದ್ರು, ನಾನು..."

"ವಾಟ್ ಈಸ್ ಪೀಠಿಕೆ?"

ನನಗೆ ಅವಳ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಬಂತು, ಊರಿನಲ್ಲಿ ಯಾವತ್ತೋ ಶಾಲು ಕೊಡವಿ ಎದ್ದುಹೋದ ಆ ಹಿರಿಯರ ಮೇಲೂ ಬಂತು. ಇಷ್ಟು ಸಿಟ್ಟು ಇಟ್ಟುಕೊಂಡು ಮೊದಲು ಯಾರಿಗೆ ಕೊಡಬೇಕು ಅಂತ ಗೊತ್ತಾಗಲಿಲ್ಲ.

"ಉಪ್ಪಿಟ್ಟು ಮಾಡಿದೀನಿ. ತಿಂದ್ಕೊಂಡು ಹೊರಡಪ್ಪ" ಅಂದರು ಜಯಂತಿ ಆಂಟಿ, ಬೈಯದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಉಪ್ಪಿಟ್ಟು ಅರ್ಧ ತಿಂದಿರಬೇಕು. ಮಹಡಿಯ ಮೆಟ್ಟಿಲ ಮೇಲೆ ಸದ್ದಾಯಿತು. ಅಂಕಲ್ ಇಳಿದು ಬಂದರು. ಪೈಜಾಮಾ ಹೋಗಿ ಪ್ಯಾಂಟು ಬಂದಿತ್ತು. ಇಸ್ತ್ರಿಯ ಶರ್ಟು. ಮೂಗಿನ ಮೇಲೆ ಬೇರೆ ಕನ್ನಡಕ. ಜಯಂತಿ ಆಂಟಿ ಗಂಡನ ಪ್ಯಾಂಟನ್ನೇ ನೋಡುತ್ತಿದ್ದರು.

"ಎದ್ದೇಳು" ಅಂದರು ಅಂಕಲ್ ನನಗೆ. ಹೊರಗೆ ಹಾಕುತ್ತಾರೆ ಅಂತ ಎದ್ದೆ. "ಇಲ್ಲಿ ಬಾ, ಟೀವಿ ಹತ್ರ ಕೂತ್ಕೋ. ಆ ಸೀನ್ ಹಾಕ್ತೀನಿ. ಕಣ್ ಬಿಟ್ಟು ನೋಡು. ಆಮೇಲೆ ಹೇಳು ಮ್ಯಾನೇಜರ್ ಸರಿ ಅಂತ."

ಅಲ್ಲಿಂದ ಮಧ್ಯಾಹ್ನ ಎಲ್ಲಿ ಹೋಯಿತೋ. ಅಂಕಲ್ ಸೀನ್ ಹಾಕುವುದು, ನಿಲ್ಲಿಸುವುದು, ನನ್ನ ಕಡೆ ತಿರುಗುವುದು. ನಾನು ಒಂದು ಅಂದರೆ ಅವರು ಎರಡು. ಲೆಫ್ಟಿಯ ಭುಜ ನಿಜವಾಗಿ ಹೋಗಿರಲಿಲ್ಲ ಅಂತ ಅವರು. ಹೋಗಿರದಿದ್ದರೆ ಗ್ಯಾರೇಜಿನಲ್ಲಿ ಐಸ್ ಯಾಕೆ ಕಟ್ಟಿಕೊಳ್ಳುತ್ತಾನೆ ಅಂತ ನಾನು.

"ಎಲ್ಲಾ ಪಿಚರುಗಳೂ ಐಸ್ ಕಟ್ಕೋತಾರೋ ಪುಣ್ಯಾತ್ಮ! ಇಪ್ಪತ್ತು ವರ್ಷದ ಹುಡುಗನೂ ಕಟ್ಕೋತಾನೆ!"

"ಹಾಗಾದ್ರೆ ಸಿನಿಮಾದವರು ಅದನ್ನ ಅಷ್ಟು ಹೊತ್ತು ಯಾಕೆ ತೋರ್ಸೂದು? ಪಿಟೀಲು ಬೇರೆ ಹಾಕಿ?"

"ಪಿಟೀಲಿನ ವಿಷಯ ತೆಗೀಬೇಡ!"

"ತೆಗೀತೇನೆ! ಅಂಪೈರ್ ಸಿನಿಮಾದಲ್ಲಿ ಒಂದು ಪಿಟೀಲಾದ್ರೂ ಉಂಟಾ?"

"ಅದ್ರಲ್ಲಿ ಆಟವೇ ಇಲ್ವಲ್ಲಯ್ಯ! ಒಂದು ಔಟು, ಆಮೇಲೆ ಪೂರ್ತಿ ಊಟದ ತಟ್ಟೆ!"

ಲೆಫ್ಟಿ ಹೇಗೆ ಬೆರಳು ಮಡಚಿ ಎಸೆಯುತ್ತಾನೆ ಅಂತ ತೋರಿಸುವುದಕ್ಕೆ ಅಂಕಲ್ ಅಡುಗೆಮನೆಯಿಂದ ನಿಂಬೆಹಣ್ಣು ತಂದರು. ಕಾರ್ಪೆಟ್ಟಿನ ಮೇಲೆ ನಿಂತು, ಕಾಲೆತ್ತಿ, ಎಸೆದೇಬಿಟ್ಟರು. ನಿಂಬೆಹಣ್ಣು ಕಿಟಕಿಯ ಪರದೆಗೆ ಬಡಿದು ಗಣಪತಿ ಫೋಟೋದ ಹಿಂದೆ ಹೋಯಿತು. ಜಯಂತಿ ಆಂಟಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು. ನೀತಾ ನನ್ನನ್ನು ನೋಡುತ್ತಿದ್ದಳು. ಕೊಲ್ಲುವ ನೋಟವಲ್ಲ ಈಗ. ಏನು ನೋಟ ಅಂತಲೂ ಗೊತ್ತಾಗಲಿಲ್ಲ. ಗೆಲ್ಲುತ್ತಿದ್ದೇನೋ ಸೋಲುತ್ತಿದ್ದೇನೋ, ಯಾವ ಆಟದಲ್ಲಿ, ಒಂದೂ ತಿಳಿಯಲಿಲ್ಲ. ಆದರೆ ಮಾತು ಹರಿಯುತ್ತಿತ್ತು, ಅದನ್ನು ನಿಲ್ಲಿಸುವುದು ನನ್ನ ಕೈಯಲ್ಲಿರಲಿಲ್ಲ.

"ಮ್ಯಾನೇಜರನಿಗೆ ಟೀಮ್ ಉಳಿಸೂದು ಮುಖ್ಯ. ಒಬ್ಬ ಲೆಫ್ಟಿ ಅಲ್ಲ" ಅಂದೆ.

"ಉಳಿಸ್ಲಿ! ಬೇಡ ಅಂದವ್ರು ಯಾರು?" ಅಂಕಲ್ ಕುರ್ಚಿಯ ಬೆನ್ನು ಹಿಡಿದುಕೊಂಡು ಕೂಗಿದರು. "ಆದ್ರೆ ಕರೆದು ಹೇಳ್ಬೇಕಿತ್ತು! ಎದುರಿಗೆ ಕೂರಿಸ್ಕೊಂಡು, ನೋಡಪ್ಪ ಹೀಗೆ ಅಂತ ಹೇಳ್ಬೇಕಿತ್ತು! ಶುಕ್ರವಾರದವರೆಗೂ ಎಲ್ಲಾ ಸರಿಯಿದೆ ಅಂದ್ಬಿಟ್ಟು, ಸೋಮವಾರ ಬೆಳಿಗ್ಗೆ ಬಂದು ನೋಡಿದ್ರೆ ಬ್ಯಾಡ್ಜೇ ಕೆಲಸ ಮಾಡಲ್ಲ ಅಂದ್ರೆ? ಕೆಳಗೆ ಬಾಗಿಲ ಹತ್ರ ಎಲ್ಲರೂ ನೋಡ್ತಿರೋವಾಗ..."

ಲೆಫ್ಟಿ ಕೊವಾಲ್‌ಸ್ಕಿಯ ಹತ್ತಿರ ಬ್ಯಾಡ್ಜ್ ಇರಲಿಲ್ಲ. ಆ ಸಿನಿಮಾದಲ್ಲಿ ಯಾರ ಹತ್ತಿರವೂ ಇರಲಿಲ್ಲ.

ಅಂಕಲ್ ಕುರ್ಚಿಯಲ್ಲಿ ಕೂತರು. ಟೀವಿಯಲ್ಲಿ ಲೆಫ್ಟಿ ಕೈ ಎತ್ತಿದವನು ಎತ್ತಿದ ಹಾಗೇ ನಿಂತಿದ್ದ.

ಪ್ರಸಂಗ ಮುಗಿಸುವ ಹೊತ್ತು ಅಂದರೆ ಇದೇ ಅಂತ ನನಗನ್ನಿಸಿತು. ಅಪ್ಪ ಕಲಿಸಿದ್ದರಲ್ಲಿ ಅದೂ ಇತ್ತು. ಗೆದ್ದೇ ಗೆಲ್ಲುವವನ ಹಾಗೆ ವಾದ ಮಾಡು, ಆದರೆ ಕೊನೆಗೆ ಕತೆ ನಿನ್ನನ್ನು ಎಲ್ಲಿ ನಿಲ್ಲಿಸುತ್ತದೋ ಅಲ್ಲಿ ನಿಲ್ಲು. ಸೋಲಬೇಕಾದ ಪಾತ್ರ ಚೆನ್ನಾಗಿ ಸೋತರೆ ಸಭೆ ಇಬ್ಬರಿಗೂ ಕೈ ಮುಗಿಯುತ್ತದೆ. ನಾನು ಎದ್ದು ನಿಂತು ಕೈ ಜೋಡಿಸಿದೆ.

"ಸೋತೆ ಅಂಕಲ್. ಲೆಫ್ಟಿಯೇ ದೊಡ್ಡವ. ಬೆಸ್ಟ್ ಸಿನಿಮಾ ಅದೇ."

ನೀತಾ ಉಸಿರು ಬಿಟ್ಟದ್ದು ಕೇಳಿಸಿತು. ಅಂತೂ ಹೇಳಿಕೊಟ್ಟ ಮಾತು ಹೇಳಿದ್ದೆ.

ಅಂಕಲ್ ಮುಖ ಎತ್ತಿದರು. ಅದರಲ್ಲಿದ್ದ ಕೆಂಪೆಲ್ಲ ಇಳಿದುಹೋಗಿತ್ತು.

"ಏನಂದೆ?"

"ಲೆಫ್ಟಿಯೇ ಬೆಸ್ಟ್."

"ಹಾಗಾದ್ರೆ ಇಷ್ಟೊತ್ತು ಹೇಳಿದ್ದು?"

"ಅದು ಎದುರು ಪಾತ್ರದ ಮಾತು ಅಂಕಲ್. ಯಾರಾದ್ರೂ ಹೇಳಬೇಕಲ್ಲ."

"ಯಾರ ಪಾತ್ರ?"

ತಾಳಮದ್ದಳೆ ಅಂದರೇನು ಅಂತ ವಿವರಿಸಿದೆ. ಕಂಬದ ಕತೆಯನ್ನೂ ಹೇಳಿದೆ. ಅಂಕಲ್ ಮೈಸೂರಿನ ಕಡೆಯ ಮನುಷ್ಯ, ಎಂದೋ ಒಮ್ಮೆ ಕೇಳಿದ್ದರಂತೆ, ನಿದ್ದೆ ಬಂದಿತ್ತಂತೆ. ಆಮೇಲೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಅಂದ್ರೆ ನಂಬಿಕೆ ಇಲ್ಲದ್ದನ್ನ ಅಷ್ಟು ಜೋರಾಗಿ ಹೇಳ್ತೀಯ. ಆಮೇಲೆ ಅಷ್ಟೇ ನಯವಾಗಿ ಕೈ ಮುಗಿದು ಇನ್ನೊಂದನ್ನೂ ಹೇಳ್ತೀಯ. ನನ್ನ ಆಫೀಸಲ್ಲಿ ಇಂಥೋರು ಬೇಕಾದಷ್ಟು ಜನ ಇದ್ರು." ಕನ್ನಡಕವನ್ನು ನನ್ನ ಕಡೆ ತೋರಿಸಿ ಕೇಳಿದರು. "ನನ್ನ ಮಗಳನ್ನ ಇಷ್ಟಪಡ್ತೀನಿ ಅಂದ್ಯಂತಲ್ಲ ಅವಳ ಹತ್ರ. ಅದು ಯಾವ ಪಾತ್ರ?"

"ಡ್ಯಾಡ್!" ಅಂದಳು ನೀತಾ.

"ನೀನು ಸುಮ್ನಿರು ಪುಟ್ಟಿ. ಅವನು ಹೇಳ್ಲಿ."

ಎಂಥ ಮನೆಗೆ ಬಂದೆ ಅನ್ನಿಸಿತು ನನಗೆ. ಎದುರಾಡಿದರೂ ತಪ್ಪು, ಒಪ್ಪಿಕೊಂಡರೂ ತಪ್ಪು. ಬಾಗಿಲ ಹತ್ತಿರ ಹೋಗಿ ಶೂ ಹಾಕಿಕೊಳ್ಳಲು ಕೂತೆ. ಒಂದು ಕಾಲಿಗೆ ಹಾಕಿದೆ. ಇನ್ನೊಂದರ ಲೇಸು ಗಂಟಾಗಿತ್ತು, ಬಿಚ್ಚಲು ಬರಲಿಲ್ಲ. ಬಾಗಿಲನ್ನು ಎಷ್ಟು ಜೋರಾಗಿ ಬಡಿದು ಹೋಗಬೇಕು ಅಂತ ಯೋಚಿಸುತ್ತ ಆ ಗಂಟಿನ ಜೊತೆ ಗುದ್ದಾಡುತ್ತಿದ್ದಾಗ, ಆ ಮುದುಕ ಕೇಳಿದ ಪ್ರಶ್ನೆಗೆ ಇನ್ನೂ ಉತ್ತರವೇ ಕೊಟ್ಟಿಲ್ಲ ಅಂತ ಹೊಳೆಯಿತು. ಮೊದಲು ಕೇಳಿದ ಪ್ರಶ್ನೆಗೂ ಕೊಟ್ಟಿರಲಿಲ್ಲ. ಯಾವ ಸಿನಿಮಾ ಬೆಸ್ಟ್? ನನಗೆ ಯಾವುದು ಬೆಸ್ಟ್ ಅಂತ ನಾನು ನೋಡಿಯೇ ಇರಲಿಲ್ಲ. ಯಾರ ಪರ ಮಾತಾಡಬೇಕು ಅಂತ ಮಾತ್ರ ನೋಡಿದ್ದೆ.

ಒಂದು ಶೂ ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದೆ. ಕಾರ್ಪೆಟ್ಟು, ಶೂ, ಜಯಂತಿ ಆಂಟಿಯ ಮುಖ, ಎಲ್ಲ ಗೊತ್ತಿತ್ತು. ಆದರೂ ಬಂದೆ.

"ನನಗೆ ಎರಡೂ ಇಷ್ಟ ಆಗ್ಲಿಲ್ಲ" ಅಂದೆ. ಮಾತಾಡಿದ್ದಲ್ಲ, ಕಿರುಚಿದ್ದು. "ಲೆಫ್ಟಿ ನೋಡ್ತಾ ನಿದ್ದೆ ಬಂತು. ಅಂಪೈರ್ ಪೂರ್ತಿ ನೋಡ್ಲೇ ಇಲ್ಲ, ಉಳಿದ ಕತೆ ಟೋನಿ ಹೇಳಿದ್ದು. ಬೇಸ್‌ಬಾಲೇ ನಂಗೆ ಅರ್ಥ ಆಗೂದಿಲ್ಲ, ಯಾರು ಯಾಕೆ ಓಡ್ತಾರೆ, ಯಾಕೆ ನಿಲ್ತಾರೆ ಒಂದೂ ಗೊತ್ತಾಗೂದಿಲ್ಲ. ಎರಡರಲ್ಲಿ ನಂಗೆ ಇಷ್ಟ ಆದದ್ದು ಒಂದೇ. ಮಳೆ ಬರ್ತದೆ, ಕೆಲಸದವರು ಮೈದಾನಕ್ಕೆ ದೊಡ್ಡ ಟಾರ್ಪಾಲು ಎಳ್ಕೊಂಡು ಓಡ್ತಾರೆ. ಒಬ್ಬ ದಪ್ಪದವ ಜಾರಿ ಅದರಡಿಗೆ ಬೀಳ್ತಾನೆ. ಯಾರೂ ನೋಡೂದೇ ಇಲ್ಲ. ಟಾರ್ಪಾಲಿನ ಅಡಿ ಒಂದು ಗುಡ್ಡೆ ಆಚೆ ಹೋಗ್ತದೆ, ಈಚೆ ಬರ್ತದೆ, ದಾರಿ ಸಿಕ್ಕೂದಿಲ್ಲ. ಅದು ಬೆಸ್ಟ್. ಅದನ್ನ ವಾಪಸ್ ಹಾಕಿ ಹಾಕಿ ನೋಡಿ ಒಬ್ಬನೇ ನಗಾಡಿದೆ. ಅಷ್ಟೇ ನನ್ನ ಅಭಿಪ್ರಾಯ!"

ಹೇಗೂ ಹಾಳಾಗಿತ್ತು, ಉಳಿದದ್ದನ್ನೂ ಹೇಳಿಬಿಟ್ಟೆ.

"ನೀತಾ ವಿಷಯ ಕೇಳಿದ್ರಲ್ಲ. ನಾನು ಯಾರ ಹತ್ರ ಬೇಕಾದ್ರೂ ವಾದ ಮಾಡ್ತೇನೆ. ಟೀಚರ್, ಪೊಲೀಸು, ಟೋನಿ, ನೀವು. ಅವಳ ಹತ್ರ ಮಾತ್ರ ಮಾತೇ ಬರೂದಿಲ್ಲ. ಒದ್ದರೆ ಬ್ಯಾಟರಿ ಚಾರ್ಜ್ ಆಗೂದಿಲ್ಲ ಅಂದೆ. ಅವಳೊಂದು ಮಾತು ಹೇಳಿದ್ಲು. ಅದಕ್ಕೆ ಏನು ಹೇಳ್ಬೇಕು ಅಂತ ಇವತ್ತಿನವರೆಗೂ ಗೊತ್ತಾಗ್ಲಿಲ್ಲ. ಪಾತ್ರ ಆಗಿದ್ರೆ ಮಾತು ಬರ್ತಿತ್ತು. ಅದರಿಂದಲೇ ನಂಗೆ ಗೊತ್ತು ಅದು ಪಾತ್ರ ಅಲ್ಲ ಅಂತ."

ನೀತಾ ಕೈಯಿಂದ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನೋಡುವ ಧೈರ್ಯ ನನಗಾಗಲಿಲ್ಲ.

ಬದರೀನಾಥ ಅಂಕಲ್ ನನ್ನ ಕೈಯಲ್ಲಿದ್ದ ಶೂ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡರು.

"ಟಾರ್ಪಾಲು ಯಾವ ಸಿನಿಮಾದಲ್ಲಿದೆ?"

"ಗೊತ್ತಿಲ್ಲ."

"ಲೆಫ್ಟೀಲಿ ಇಲ್ಲ. ಲೆಫ್ಟಿ ನನಗೆ ಬಾಯಿಪಾಠ."

"ಹಾಗಾದ್ರೆ ಅಂಪೈರಿನಲ್ಲಿ ಇರಬೇಕು."

"ಅದರಲ್ಲಿ ಮಳೆಯೇ ಬರಲ್ಲ."

ರಿಮೋಟ್ ತೆಗೆದುಕೊಂಡರು. ಲೆಫ್ಟಿಯನ್ನು ಮೊದಲಿನಿಂದ ಓಡಿಸಿದರು. ಮ್ಯಾನೇಜರ್ ಲೆಫ್ಟಿಯನ್ನು ತೆಗೆದುಹಾಕುವ ಸೀನ್ ಬಂತು, ದಾಟಿತು. ಅದಾದ ಕೂಡಲೇ ಗ್ಯಾರೇಜು ಬರುತ್ತದೆ ಅಂದರು ಅಂಕಲ್. ಬರಲಿಲ್ಲ. ಮಳೆ ಬಂತು. ಟಾರ್ಪಾಲು ಬಂತು. ದಪ್ಪದವ ಜಾರಿ ಬಿದ್ದ, ಗುಡ್ಡೆ ಆಚೆ ಹೋಯಿತು, ಈಚೆ ಬಂತು.

"ಇಲ್ಲಿ ನಾನು ಯಾವಾಗ್ಲೂ ಮುಂದಕ್ಕೆ ಓಡಿಸ್ಬಿಡ್ತೀನಿ" ಅಂದರು ಅಂಕಲ್ ಮೆಲ್ಲಗೆ. "ಅವನನ್ನ ತೆಗೆದ ಮೇಲೆ ಆ ಮೈದಾನ ನೋಡಕ್ಕೇ ಆಗ್ತಿರ್ಲಿಲ್ಲ ನನಗೆ."

ವಾಪಸ್ ಹಾಕಿದರು. ಗುಡ್ಡೆ ಮತ್ತೆ ಆಚೆ ಹೋಯಿತು, ಈಚೆ ಬಂತು. ಮೂಗಿನಿಂದ ಒಂದು ಸದ್ದು ಬಂತು ಅವರಿಗೆ. ಇನ್ನೊಮ್ಮೆ ಹಾಕಿದರು. ಈ ಸಲ ಹೊಟ್ಟೆ ಅಲುಗಿತು. "ಬೆಸ್ಟ್ ಸಿನಿಮಾ ಅಲ್ಲ ಇದು" ಅಂದರು, ಕಣ್ಣು ಒರೆಸಿಕೊಳ್ಳುತ್ತ. "ಆದ್ರೂ ನಿನ್ನ ಮಾತು ಅಂತ ನೀನು ಆಡಿದ್ದು ಇದೊಂದೇ."

ಆಮೇಲೆ ಎದ್ದು ಬಂದು ಬಾಗಿಲು ತೆರೆದು ಹಿಡಿದರು. ನಾನು ಹೊರಗೆ ಹೋದೆ, ಒಂದು ಶೂ ಕೈಯಲ್ಲೇ ಇತ್ತು, ಹಿಂದೆ ನೀತಾ. "ಭಾನುವಾರ ನಿಮ್ಮ ತಂದೇನ ಕರ್ಕೊಂಡು ಬಾ" ಅಂದರು. ಬಾಗಿಲು ಹಾಕಿಕೊಂಡಿತು.

ಯಾತಕ್ಕೆ? ಹಿರಿಯರು ಕೂತು ಮಾತಾಡುವುದಕ್ಕಾ? ಇಲ್ಲ, ಅಪ್ಪನ ಹತ್ತಿರ ಲೆಫ್ಟಿ ವಿಷಯ ಮುಂದುವರಿಸುವುದಕ್ಕಾ? ಇಂಥ ಮಗನನ್ನು ಹೆತ್ತದ್ದಕ್ಕೆ ಬೈಯುವುದಕ್ಕಾ? ಕಾರಿನ ತನಕ ಬಂದ ನೀತಾಳನ್ನು ಕೇಳಿದೆ. "ಐ ಹ್ಯಾವ್ ನೋ ಐಡಿಯಾ" ಅಂದಳು. "ಬಟ್ ಹಿ ವೋರ್ ಪ್ಯಾಂಟ್ಸ್, ಪ್ರತೀಕ್." ಅಷ್ಟು ಹೇಳಿ ನನ್ನ ಶೂ ಕಿತ್ತುಕೊಂಡು, ಹಲ್ಲಿನಿಂದ ಲೇಸಿನ ಗಂಟು ಬಿಚ್ಚಿ ಕೊಟ್ಟಳು. ಅದಕ್ಕೂ ನನಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ.

ಅಲ್ಲಿಂದ ನೇರ ಇಸೆಲಿನ್‌ಗೆ ಡ್ರೈವ್ ಮಾಡಿದೆ. ಹೋಟೆಲಿನಲ್ಲಿ ಸಂಜೆಯ ಗಿರಾಕಿಗಳು ಇನ್ನೂ ಬಂದಿರಲಿಲ್ಲ. ಆ ವರ್ಷ ಬರುವವರೂ ಅಷ್ಟಕ್ಕಷ್ಟೇ. ಅಪ್ಪ ಸಾಂಬಾರಿನ ದೊಡ್ಡ ಪಾತ್ರೆಯ ಎದುರು ಸೌಟು ಹಿಡಿದು ನಿಂತಿದ್ದ. ನಡೆದದ್ದೆಲ್ಲ ಹೇಳಿದೆ. ನಾನು ಎದುರಾಡಿದ್ದು ಕೇಳಿ ತಲೆಯಾಡಿಸಿದ. ಸೋತದ್ದು ಕೇಳಿ ಇನ್ನೂ ಜೋರಾಗಿ ತಲೆಯಾಡಿಸಿದ. ಶೂ ಹಿಡಿದುಕೊಂಡು ಒಳಗೆ ಹೋದದ್ದು ಕೇಳಿ, "ಎಂತ ಮಾರಾಯ, ಸಭೆಗೆ ಚಪ್ಪಲಿಯಾ" ಅಂದ. ಭಾನುವಾರದ ವಿಷಯಕ್ಕೆ ಬಂದಾಗ ಸೌಟು ಕೆಳಗಿಟ್ಟು ಒರೆಸುಬಟ್ಟೆಗೆ ಕೈ ಒರೆಸಿಕೊಂಡ. ನಾನು ನೋಡದೆ ಎಷ್ಟೋ ವರ್ಷವಾದ ಒಂದು ನೆಟ್ಟಗಿನ ಬೆನ್ನು ಅವನಿಗೆ ಬಂತು.

"ಎದುರು ಯಾರು?"

"ಬದರೀನಾಥ ಅಂಕಲ್."

"ಮಾತು ಹೇಗುಂಟು?"

"ಜೋರುಂಟು. ನಿಂಬೆಹಣ್ಣು ಎಸೀತಾರೆ."

"ಒಳ್ಳೇದು. ಪ್ರಸಂಗ ಯಾವ್ದು?"

"ಅದೇ ಅಪ್ಪ ನಂಗೂ ಗೊತ್ತಾಗದ್ದು."

"ಅಡ್ಡಿಲ್ಲ. ನಂಗೆ ಯಾರ ಅರ್ಥ?"

ನಾನು ಯೋಚಿಸಿದೆ. ಲೆಫ್ಟಿಯಾ, ಮ್ಯಾನೇಜರಾ, ಅಂಪೈರಾ? ಯಾವುದೂ ಅಲ್ಲ ಅನ್ನಿಸಿತು.

"ಹುಡುಗನ ಅಪ್ಪ" ಅಂದೆ.

ಅಪ್ಪ ಕುದಿಯುತ್ತಿದ್ದ ಸಾಂಬಾರಿನ ಕಡೆ ತಿರುಗಿದ.

"ಆ ಪಾತ್ರ ನಾನು ಈವರೆಗೆ ಮಾಡ್ಲಿಲ್ಲ" ಅಂದ. ಉರಿ ಸಣ್ಣ ಮಾಡಿದ. "ಅದು ಸೋಲುವ ಪಾತ್ರವಾ, ಗೆಲ್ಲುವ ಪಾತ್ರವಾ?"

ಗೊತ್ತಿಲ್ಲ ಅಂದೆ. ಅಪ್ಪ ಪೀಠಿಕೆ ಹಾಕುವವನ ಹಾಗೆ ಗಂಟಲು ಸರಿಮಾಡಿಕೊಂಡ.